ಎಂಟು, ಒಂಬತ್ತರ ಮಕ್ಕಳು ಮತ್ತು ಮಂಡಳಿಯ ಪ್ರಶ್ನೆಪತ್ರಿಕೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಳ್ಳಿಗಳಲ್ಲಿ ಎಂಟನೆಯ ತರಗತಿ ಎಲ್ಲಿ ನಡೆಯುತ್ತದೆಂದು ಕೇಳಿದರೆ ಒಂದೇ ಉತ್ತರ ದೊರೆಯುವುದಿಲ್ಲ. ಒಂದೂರಿನಲ್ಲಿ ಅದು ಹಿರಿಯ ಪ್ರಾಥಮಿಕ ಶಾಲೆಯ ಕೊನೆಯ ಕೊಠಡಿಯಲ್ಲಿ, ಸಣ್ಣ ಮಕ್ಕಳ ಮಗ್ಗಿಯ ಸದ್ದು ಕಿವಿಗೆ ಬೀಳುವಷ್ಟು ಸಮೀಪದಲ್ಲಿ, ಪ್ರಾಥಮಿಕ ಶಾಲೆಯ ಮೇಷ್ಟರ ಕೈಕೆಳಗೆ ನಡೆಯುತ್ತದೆ. ಇನ್ನೊಂದೂರಿನಲ್ಲಿ ಅದೇ ತರಗತಿ ಹೈಸ್ಕೂಲಿನ ಮೊದಲ ವರ್ಷವಾಗಿ, ವಿಷಯಕ್ಕೊಬ್ಬ ಅಧ್ಯಾಪಕರನ್ನೂ ಬೇರೊಂದು ಹಾಜರಿ ಪುಸ್ತಕವನ್ನೂ ಪಡೆದುಕೊಂಡು, ಬೆಳಗಿನ ಬಸ್ಸು ಹಿಡಿದು ಬರುವ ದೊಡ್ಡ ಮಕ್ಕಳ ನಡುವೆ ನಡೆಯುತ್ತದೆ. ಕರ್ನಾಟಕದಲ್ಲಿ ಬಹುಕಾಲದಿಂದ ಪ್ರೌಢಶಾಲೆಯೆಂದರೆ ಎಂಟರಿಂದ ಹತ್ತರವರೆಗಿನ ಮೂರು ವರ್ಷಗಳು. ಆದರೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ದೃಷ್ಟಿಯಲ್ಲಿ ಪ್ರಾಥಮಿಕ ಶಿಕ್ಷಣವು ಮುಗಿಯುವುದೇ ಎಂಟನೆಯ ತರಗತಿಯ ಕೊನೆಯಲ್ಲಿ. ಹೀಗೆ ಎರಡು ಗ್ರಾಮಗಳ ಗಡಿಗಲ್ಲಿನ ಮೇಲೆ ಬಿದ್ದ ಹೊಲದಂತೆ, ಈ ತರಗತಿಗೆ ಎರಡು ಕಡೆಯ ಒಡೆತನ. ಕಳೆದ ಕೆಲವು ವರ್ಷಗಳಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಗಳ ಪರೀಕ್ಷೆಯನ್ನು ಕುರಿತು ಬೆಂಗಳೂರಿನ ಹೈಕೋರ್ಟಿನಿಂದ ದಿಲ್ಲಿಯ ಸುಪ್ರೀಂ ಕೋರ್ಟಿನವರೆಗೆ ನಡೆದ ದೀರ್ಘ ವ್ಯಾಜ್ಯದ ಬೇರುಗಳಲ್ಲಿ ಒಂದು ಈ ಇಬ್ಬಂದಿಯಲ್ಲಿಯೇ ಇದೆ.

ವ್ಯಾಜ್ಯದ ಕಥೆಯನ್ನು ಕ್ರಮವಾಗಿ ಹೇಳುವುದು ಒಳ್ಳೆಯದು. ಏಕೆಂದರೆ ಅದನ್ನು ಪತ್ರಿಕೆಗಳಲ್ಲಿ ತುಣುಕುತುಣುಕಾಗಿ ಓದಿದ ತಂದೆತಾಯಂದಿರಲ್ಲಿ ಅನೇಕರಿಗೆ, ತಮ್ಮ ಮಗುವು ಬರೆದದ್ದು ಪರೀಕ್ಷೆಯೇ, ಅದು ರದ್ದಾಯಿತೇ, ರದ್ದಾಗಿದ್ದರೆ ಏಕೆ ಎಂಬುದು ಇಂದಿಗೂ ಸ್ಪಷ್ಟವಾಗಿಲ್ಲ. 2022ರ ಕೊನೆಯಲ್ಲಿ, ಬಿ. ಸಿ. ನಾಗೇಶ್ ಅವರು ಶಿಕ್ಷಣ ಸಚಿವರಾಗಿದ್ದ ಕಾಲದಲ್ಲಿ, ಐದು ಮತ್ತು ಎಂಟನೆಯ ತರಗತಿಗಳಿಗೆ ಶಾಲೆಯವರೇ ಪ್ರಶ್ನೆಪತ್ರಿಕೆ ಮಾಡಿಕೊಳ್ಳುವ ಪದ್ಧತಿಯನ್ನು ಬಿಟ್ಟು, ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆಯ ಮೂಲಕ ವಾರ್ಷಿಕ ಮೌಲ್ಯಾಂಕನ ನಡೆಸಬೇಕೆಂಬ ಆಜ್ಞೆ ಹೊರಟಿತು. ಖಾಸಗಿ ಶಾಲೆಗಳ ಸಂಘಗಳು ನ್ಯಾಯಾಲಯಕ್ಕೆ ಹೋದುವು. 2023ರ ಮಾರ್ಚ್ 10ರಂದು ಹೈಕೋರ್ಟಿನ ಏಕಸದಸ್ಯ ಪೀಠವು ಆ ಆಜ್ಞೆಯನ್ನು ರದ್ದುಗೊಳಿಸಿತು. 15ರಂದು ವಿಭಾಗೀಯ ಪೀಠವು ಪರೀಕ್ಷೆ ನಡೆಸಲು ಅನುಮತಿ ಕೊಟ್ಟಿತು. 27ರಿಂದ ಮಕ್ಕಳು ಪರೀಕ್ಷೆಗೆ ಕುಳಿತರು. ಆ ವರ್ಷ ಶಾಲೆಗಳಲ್ಲಿ ನಡೆದಿದ್ದ ಪಾಠವಾದರೋ ಬಹುಪಾಲು ‘ಕಲಿಕಾ ಚೇತರಿಕೆ’ ಎಂಬ ಕಾರ್ಯಕ್ರಮದ ಹಾಳೆಗಳಿಂದ. ಕೊರೋನಾ ಕಾಲದಲ್ಲಿ ಬಿಟ್ಟುಹೋದ ಕಲಿಕೆಯನ್ನು ತುಂಬಿಕೊಡಲೆಂದು ಸಿದ್ಧಪಡಿಸಿದ್ದ ಆ ಹಾಳೆಗಳಿಂದ ಕಲಿತ ಮಗುವನ್ನು ಯಾವುದರ ಆಧಾರದ ಮೇಲೆ ಅಳೆಯಬೇಕೆಂಬ ಪ್ರಶ್ನೆಯನ್ನು ಅಂದು ಕೇಳಿದವರ ಮಾತಿನಲ್ಲಿ ನ್ಯಾಯವಿಲ್ಲದೆ ಇರಲಿಲ್ಲ.

ಅದೇ ವರ್ಷದ ಮೇ ತಿಂಗಳಿನಲ್ಲಿ ಸರ್ಕಾರ ಬದಲಾಯಿತು. ಹೊಸ ಶಿಕ್ಷಣ ಸಚಿವರಾದವರು ಸೊರಬದ ಶಾಸಕರಾದ ಮಧು ಬಂಗಾರಪ್ಪನವರು. ಪಕ್ಕದ ಶಿಕಾರಿಪುರದಿಂದ ಆರಿಸಿ ಬಂದ ಬಿ. ವೈ. ವಿಜಯೇಂದ್ರರು ಕೆಲವೇ ತಿಂಗಳುಗಳಲ್ಲಿ ವಿರೋಧ ಪಕ್ಷದ ರಾಜ್ಯಾಧ್ಯಕ್ಷರಾದರು. ಆಡಳಿತದ ಪಕ್ಷ ಬದಲಾದೊಡನೆ ಪರೀಕ್ಷೆಯ ನೀತಿಯೂ ಬದಲಾದೀತೆಂದು ಎಣಿಸಿದವರ ಎಣಿಕೆ ಹುಸಿಯಾಯಿತು. ಒಂದು ಪಕ್ಷದವರು ಐದಕ್ಕೂ ಎಂಟಕ್ಕೂ ತಂದಿದ್ದ ಮೌಲ್ಯಾಂಕನವನ್ನು ಇನ್ನೊಂದು ಪಕ್ಷದವರು ಕೈಬಿಡುವುದಿರಲಿ, 2023ರ ಅಕ್ಟೋಬರಿನ ಅಧಿಸೂಚನೆಗಳಿಂದ ಒಂಬತ್ತನೆಯ ತರಗತಿಗೂ ಪ್ರಥಮ ಪಿಯುಸಿಗೂ ವಿಸ್ತರಿಸಿದರು. ವೇದಿಕೆಯ ಮೇಲೆ ಎಷ್ಟೇ ಕಾದಾಡಿದರೂ ಕಡತದಲ್ಲಿ ಎರಡು ಸರ್ಕಾರಗಳೂ ಒಂದೇ ದಾರಿ ಹಿಡಿದುವೆಂಬುದನ್ನು ನೋಡಿದರೆ, ಈ ನೀತಿಯ ಮೂಲವಿರುವುದು ರಾಜಕಾರಣದಲ್ಲಿ ಅಷ್ಟಾಗಿ ಅಲ್ಲ, ಇಲಾಖೆಯು ಬಹುದಿನದಿಂದ ಅನುಭವಿಸುತ್ತ ಬಂದ ಒಂದು ಆತಂಕದಲ್ಲಿ ಎಂದೇ ಹೇಳಬೇಕಾಗುತ್ತದೆ. ಆ ಆತಂಕದ ವಿಚಾರಕ್ಕೆ ಮುಂದೆ ಬರುತ್ತೇನೆ.

2024ರ ಮಾರ್ಚ್ ತಿಂಗಳಂತೂ ವಿಚಿತ್ರವಾದದ್ದು. 6ರಂದು ಏಕಸದಸ್ಯ ಪೀಠವು ಅಧಿಸೂಚನೆಗಳನ್ನು ರದ್ದು ಮಾಡಿತು. ಮರುದಿನವೇ ವಿಭಾಗೀಯ ಪೀಠವು ಆ ತೀರ್ಪಿಗೆ ತಡೆ ಕೊಟ್ಟಿತು. 11ರಂದು ಪರೀಕ್ಷೆ ಆರಂಭವಾಯಿತು. 12ರಂದು ಸುಪ್ರೀಂ ಕೋರ್ಟು ಆ ತಡೆಯನ್ನು ತೆಗೆದುಹಾಕಿತು. ಎರಡು ದಿನದ ಪರೀಕ್ಷೆ ಮುಗಿಸಿದ್ದ ಮಕ್ಕಳು ಮೂರನೆಯ ದಿನದ ವಿಷಯವನ್ನು ಓದಬೇಕೋ ಬೇಡವೋ ತಿಳಿಯದೆ, ತಿಳಿದಿರಬೇಕಾದ ಹೆಡ್‌ಮಾಸ್ತರನ್ನು ಕೇಳಿದರು; ಹೆಡ್‌ಮಾಸ್ತರು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಛೇರಿಯ ಕಡೆಗೂ ಬಿಇಒ ಕಛೇರಿಯವರು ಬೆಂಗಳೂರಿನ ಕಡೆಗೂ ನೋಡುತ್ತ ಕುಳಿತರು. 22ರಂದು ವಿಭಾಗೀಯ ಪೀಠವು ಸರ್ಕಾರದ ಪರವಾಗಿ ಅಂತಿಮ ತೀರ್ಪಿತ್ತಿತು. ಉಳಿದ ಪರೀಕ್ಷೆಗಳು 25ರಿಂದ 28ರವರೆಗೆ ನಡೆದುವು. ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಅದೇ 25ರಂದೇ ಆರಂಭವಾಗಿದ್ದುದರಿಂದ, ಶಾಲೆಗಳಿಗೆ ಆ ವಾರ ಉಸಿರಾಡಲು ಬಿಡುವಿರಲಿಲ್ಲ. ಇಷ್ಟೆಲ್ಲ ಆದ ಮೇಲೆ ಏಪ್ರಿಲ್ 8ರಂದು ಸುಪ್ರೀಂ ಕೋರ್ಟು ಮತ್ತೆ ಮಧ್ಯೆ ಪ್ರವೇಶಿಸಿ, ಫಲಿತಾಂಶವನ್ನು ತಡೆಹಿಡಿಯಬೇಕು, ಅದನ್ನು ಯಾವ ಉದ್ದೇಶಕ್ಕೂ ಬಳಸಕೂಡದು, ಪೋಷಕರಿಗೂ ತಿಳಿಸಕೂಡದು ಎಂದು ಆದೇಶಿಸಿತು. ಅಂದರೆ, ಮಗುವು ಬರೆದದ್ದು ನಿಜ, ಆದರೆ ಅದರಿಂದ ಏನು ತಿಳಿಯಿತೆಂಬುದು ಮಗುವಿಗಾಗಲಿ ಅದರ ತಾಯಿಗಾಗಲಿ ತಿಳಿಯಲಿಲ್ಲ.

ನ್ಯಾಯಾಲಯಗಳು ಹೀಗೆ ಅತ್ತಿತ್ತ ತಿರುಗಿದ್ದು ಚಾಪಲ್ಯದಿಂದಲ್ಲ. ಶಿಕ್ಷಣ ಹಕ್ಕು ಕಾಯಿದೆಯ 29ನೆಯ ಪ್ರಕರಣವು ಮಗುವಿನ ಕಲಿಕೆಯನ್ನು ವರ್ಷವಿಡೀ ನಿರಂತರವಾಗಿಯೂ ವ್ಯಾಪಕವಾಗಿಯೂ ಅರಿತುಕೊಳ್ಳಬೇಕೆನ್ನುತ್ತದೆ. 30ನೆಯ ಪ್ರಕರಣವು ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವೂ ಮಂಡಳಿಯ ಪರೀಕ್ಷೆಯಲ್ಲಿ ಉತ್ತೀರ್ಣವಾಗಬೇಕೆಂಬ ನಿಬಂಧನೆ ಇರಕೂಡದೆನ್ನುತ್ತದೆ. 16ನೆಯ ಪ್ರಕರಣವು ಮೊದಲು ಮಗುವನ್ನು ಯಾವ ತರಗತಿಯಲ್ಲಿಯೂ ತಡೆದು ನಿಲ್ಲಿಸಕೂಡದೆಂದಿದ್ದು, 2019ರ ತಿದ್ದುಪಡಿಯಿಂದ, ಐದು ಮತ್ತು ಎಂಟರಲ್ಲಿ ಪರೀಕ್ಷೆ ನಡೆಸಿ, ತಪ್ಪಿದವರಿಗೆ ಎರಡು ತಿಂಗಳೊಳಗೆ ಮರುಪರೀಕ್ಷೆಯ ಅವಕಾಶವಿತ್ತು, ಅದರಲ್ಲಿಯೂ ತಪ್ಪಿದರೆ ಅದೇ ತರಗತಿಯಲ್ಲಿ ಉಳಿಸಿಕೊಳ್ಳುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಸರ್ಕಾರವು ವಾದಿಸಿದ್ದು ಇಷ್ಟು: ತಾನು ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲ, ಆದುದರಿಂದ ಇದು ಮಂಡಳಿಯ ಪರೀಕ್ಷೆಯೇ ಅಲ್ಲ; ಒಂಬತ್ತನೆಯ ತರಗತಿಯಂತೂ ಆ ಕಾಯಿದೆಯ ವ್ಯಾಪ್ತಿಗೇ ಬರುವುದಿಲ್ಲ. ಎದುರು ಪಕ್ಷದವರು ಹೇಳಿದ್ದು ಇಷ್ಟು: ಪ್ರಶ್ನೆಪತ್ರಿಕೆಯನ್ನು ರಾಜ್ಯದ ಪರೀಕ್ಷಾ ಮಂಡಳಿಯೇ ಸಿದ್ಧಪಡಿಸಿದ ಮೇಲೆ ಅದನ್ನು ಬೇರೆ ಹೆಸರಿನಿಂದ ಕರೆದ ಮಾತ್ರಕ್ಕೆ ಅದರ ಸ್ವಭಾವ ಬದಲಾಗದು, ಇಂಥ ಮಾರ್ಪಾಟನ್ನು 1983ರ ಕರ್ನಾಟಕ ಶಿಕ್ಷಣ ಕಾಯಿದೆಯ ಪ್ರಕಾರ ನಿಯಮಗಳ ರೂಪದಲ್ಲಿ, ವಿಧಾನಮಂಡಲದ ಮುಂದಿಟ್ಟು ತರಬೇಕಾಗಿತ್ತು. ಏಕಸದಸ್ಯ ಪೀಠವು ಈ ಎರಡನೆಯ ವಾದಕ್ಕೆ ತಲೆದೂಗಿತು, ವಿಭಾಗೀಯ ಪೀಠವು ಮೊದಲನೆಯದಕ್ಕೆ. ಎರಡೂ ವಾದಗಳು ತಾರ್ಕಿಕವಾಗಿ ನಿಲ್ಲತಕ್ಕವೇ. ಆದರೆ ಎಂಟನೆಯ ತರಗತಿಯ ಮಗುವು ಒಂದು ಕಾಯಿದೆಯ ಕಣ್ಣಿಗೆ ಪ್ರಾಥಮಿಕ ಶಾಲೆಯ ಶಿಶುವಾಗಿಯೂ ಇನ್ನೊಂದು ವ್ಯವಸ್ಥೆಯ ಕಣ್ಣಿಗೆ ಹೈಸ್ಕೂಲಿನ ವಿದ್ಯಾರ್ಥಿಯಾಗಿಯೂ ಕಾಣುವವರೆಗೆ ಇವು ಒಂದನ್ನೊಂದು ಸಂಧಿಸಲಾರವು.

ಈಗ ಇಲಾಖೆಯ ಆತಂಕದ ವಿಷಯ. ಎಸ್ಸೆಸ್ಸೆಲ್ಸಿಯೆಂಬುದು ನಮ್ಮಲ್ಲಿ ಮಗುವು ಎದುರಿಸುವ ಮೊತ್ತಮೊದಲನೆಯ ಸಾರ್ವಜನಿಕ ಪರೀಕ್ಷೆ. ಹತ್ತು ವರ್ಷ ತನ್ನ ಶಾಲೆಯಲ್ಲಿ, ತನ್ನ ಮೇಷ್ಟರ ಎದುರಿಗೆ, ಪರಿಚಿತವಾದ ಅಕ್ಷರದ ಪ್ರಶ್ನೆಪತ್ರಿಕೆಯನ್ನೇ ಬರೆದ ಹುಡುಗನು, ಒಂದು ಬೆಳಗ್ಗೆ ಬೇರೆ ಊರಿನ ಕೇಂದ್ರದಲ್ಲಿ ಅಪರಿಚಿತರ ಕಾವಲಿನಲ್ಲಿ ಕುಳಿತು ಭವಿಷ್ಯವನ್ನು ನಿರ್ಣಯಿಸತಕ್ಕ ಪತ್ರಿಕೆಗೆ ಉತ್ತರ ಬರೆಯಬೇಕಾಗುತ್ತದೆ. ಈ ಭಯಕ್ಕಿಂತಲೂ ಗುರುತರವಾದ ಇನ್ನೊಂದು ದೋಷವಿದೆ. ಅದನ್ನು ಬಲ್ಲವರು ಬಹಳ, ಬರೆದವರು ಕಡಿಮೆ. ಶೇಕಡಾವಾರು ಫಲಿತಾಂಶವೇ ಕೀರ್ತಿಯ ಅಳತೆಯಾಗಿರುವ ಕೆಲವು ಖಾಸಗಿ ಶಾಲೆಗಳು ಒಂಬತ್ತನೆಯ ತರಗತಿಯಲ್ಲಿಯೇ ಹತ್ತರ ಪಾಠಗಳನ್ನು ಆರಂಭಿಸಿ, ಒಂಬತ್ತರ ಗಣಿತವನ್ನೂ ವಿಜ್ಞಾನವನ್ನೂ ಅರ್ಧಂಬರ್ಧ ಮುಗಿಸುವುದುಂಟು. ಹತ್ತರಲ್ಲಿ ತಪ್ಪಬಹುದೆಂದು ತೋರಿದ ಮಗುವನ್ನು ಒಂಬತ್ತರಲ್ಲಿಯೇ ನಿಲ್ಲಿಸುವುದೋ, ಟಿ.ಸಿ. ಕೈಗಿತ್ತು ಕಳಿಸುವುದೋ ಉಂಟು. ಎಂಟರವರೆಗೆ ಕಾಯಿದೆಯ ರಕ್ಷಣೆಯಲ್ಲಿದ್ದ ಮಗುವು ಆ ರಕ್ಷಣೆಯನ್ನು ಕಳೆದುಕೊಳ್ಳುವುದು ಸರಿಯಾಗಿ ಈ ಹಂತದಲ್ಲಿಯೇ. ಹಾಗೆ ಹೊರಬಿದ್ದ ಮಗುವು ಊರಿನ ಸರ್ಕಾರಿ ಹೈಸ್ಕೂಲಿಗೆ ಬಂದು ಸೇರಿದರೆ ಅದು ಅದೃಷ್ಟವೇ. ಅಡಿಕೆಯ ಕೊಯ್ಲಿಗೋ ಶುಂಠಿಯ ಕಣಕ್ಕೋ ಹೋಗಿ ಸೇರಿದರೆ ಮತ್ತೆ ಶಾಲೆಯ ಕಡೆಗೆ ತಿರುಗುವುದು ದುರ್ಲಭ. ಒಂಬತ್ತಕ್ಕೆ ಒಂದೇ ಪ್ರಶ್ನೆಪತ್ರಿಕೆ ಇದ್ದರೆ ಪಾಠ ಹಾರಿಸುವ ಈ ಚಾಳಿ ನಿಂತೀತೆಂಬ ಆಸೆ ಇಲಾಖೆಗೆ ಇದ್ದುದರಲ್ಲಿ ತಪ್ಪೇನೂ ಇಲ್ಲ.

ಪರೀಕ್ಷೆಯ ಸತ್ಯಾಸತ್ಯತೆಯ ಪ್ರಶ್ನೆಯೂ ಆಗಲೇ ಎದ್ದಿತು. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೊದಲ ಬಾರಿಗೆ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮೂಲಕ ಕಾವಲು ಕಾದರು. ಹಿಂದಿನ ವರ್ಷ ಶೇಕಡಾ 83.89 ಇದ್ದ ಫಲಿತಾಂಶವು 73.40ಕ್ಕೆ ಇಳಿಯಿತು, ಆ ಸಂಖ್ಯೆಯೂ ಬಂದದ್ದು ಕೃಪಾಂಕಗಳನ್ನು ಇಮ್ಮಡಿಗೊಳಿಸಿ, ಅವುಗಳಿಗೆ ಅರ್ಹತೆಯ ಮಿತಿಯನ್ನು 35ರಿಂದ 25ಕ್ಕೆ ಇಳಿಸಿದ ಮೇಲೆ. ಶಿವಮೊಗ್ಗ ಜಿಲ್ಲೆಯು ಆ ವರ್ಷ ಉಡುಪಿ, ದಕ್ಷಿಣ ಕನ್ನಡಗಳ ನಂತರ ಮೂರನೆಯ ಸ್ಥಾನದಲ್ಲಿ ನಿಂತಿತೆಂಬುದು ಸಂತೋಷದ ಸಂಗತಿ. ಮರುವರ್ಷ ಕೃಪಾಂಕದ ಔದಾರ್ಯವನ್ನು ಹಿಂತೆಗೆದುಕೊಂಡಾಗ ರಾಜ್ಯದ ಫಲಿತಾಂಶ 62.34ರಲ್ಲಿ ನಿಂತಿತು. ಕೃಪಾಂಕವೆಂಬುದು ಈ ಸೀಮೆಯವರಿಗೆ ಹೊಸ ಸಂಗತಿಯಲ್ಲ. ಸೊರಬ ತಾಲ್ಲೂಕಿನ ಕುಬಟೂರಿನವರಾದ ಎಸ್. ಬಂಗಾರಪ್ಪನವರು 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ಸರ್ಕಾರಿ ನೇಮಕಾತಿಯಲ್ಲಿ ಹಳ್ಳಿಯ ಅಭ್ಯರ್ಥಿಗಳಿಗೆ ಗ್ರಾಮೀಣ ಕೃಪಾಂಕ ಕೊಡುವ ಯೋಜನೆಯನ್ನು ತಂದಿದ್ದರು. ಅದು ಅವಕಾಶದ ಕೊರತೆಗೆ ಕೊಟ್ಟ ಪರಿಹಾರ. 2024ರದು ಕಲಿಕೆಯ ಕೊರತೆಯ ಮೇಲೆ ಹೊದಿಸಿದ ಪರದೆ. ಆ ಪರದೆಯ ಹಿಂದೆ ಏನಿತ್ತೋ ಅದು ಹತ್ತನೆಯ ತರಗತಿಯಲ್ಲಿ ಒಮ್ಮೆಗೇ ಹುಟ್ಟಿದ್ದಲ್ಲ, ಏಳು ಎಂಟರಿಂದಲೇ ಬೆಳೆದು ಬಂದದ್ದು.

ಹಾಗಿದ್ದರೆ ಎಂಟರಲ್ಲಿಯೇ ಪರೀಕ್ಷಿಸಿ ನೋಡುವುದು ಒಳ್ಳೆಯದಲ್ಲವೇ ಎಂದು ಕೇಳುವವರಿಗೆ ಹಿಂದಿನ ಕಾಲದ ಒಂದು ಅನುಭವ ಸಾಕ್ಷಿಯಾಗಿದೆ. ಸೊರಬ, ಶಿಕಾರಿಪುರಗಳ ಉತ್ತರಕ್ಕೆ ಹಾನಗಲ್ಲು, ಹಿರೇಕೆರೂರು ಮುಂತಾದ ಸೀಮೆಗಳಿವೆ. 1956ಕ್ಕೆ ಮುಂಚೆ ಆ ಕಡೆಯದು ಮುಂಬಯಿ ಆಡಳಿತ, ಈ ಕಡೆಯದು ಮೈಸೂರು ಸಂಸ್ಥಾನ. ಆ ಕಡೆಯ ಮಕ್ಕಳು ಬರೆಯುತ್ತಿದ್ದದ್ದು ಮುಲ್ಕಿ ಪರೀಕ್ಷೆ, ಈ ಕಡೆಯ ಮಕ್ಕಳು ಬರೆಯುತ್ತಿದ್ದದ್ದು ಲೋವರ್ ಸೆಕೆಂಡರಿ. ಮುಲ್ಕಿ ಪಾಸಾದವನು ಊರಿನಲ್ಲಿ ಅಧ್ಯಾಪಕನಾಗಬಲ್ಲವನಾಗಿದ್ದನು. ಅಂಥ ಪರೀಕ್ಷೆಗೆ ಬೆಲೆ ಬಂದದ್ದು ಅದರ ಹಿಂದಿದ್ದ ಉದ್ಯೋಗದಿಂದ. ಏಕೀಕರಣದ ತರುವಾಯವೂ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆ ಬಹುಕಾಲ ಉಳಿದುಕೊಂಡಿತ್ತು. ಇಂದು ನಲವತ್ತೈದು ದಾಟಿದವರಲ್ಲಿ ಅನೇಕರು ಅದನ್ನು ಬರೆದವರೇ. ಅದರಲ್ಲಿ ತೇರ್ಗಡೆಯಾದವರು ಅದನ್ನು ಹೆಮ್ಮೆಯಿಂದ ಸ್ಮರಿಸುತ್ತಾರೆ. ತಪ್ಪಿದವರು, ಅದರಲ್ಲಿಯೂ ಹೆಣ್ಣುಮಕ್ಕಳು, ಅಲ್ಲಿಗೇ ಓದು ನಿಲ್ಲಿಸಿ ಮನೆಯಲ್ಲಿ ಉಳಿದರು. ಅವರ ಸ್ಮರಣೆಯನ್ನು ಕೇಳಿದವರಿಲ್ಲ. 1952–53ರಲ್ಲಿ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು, ಪ್ರೌಢಶಿಕ್ಷಣದ ಕೊನೆಗೆ ಒಂದೇ ಒಂದು ಸಾರ್ವಜನಿಕ ಪರೀಕ್ಷೆ ಸಾಕೆಂದು ಸಲಹೆ ಮಾಡಿದ್ದು ಇಂಥ ಅನುಭವವನ್ನು ಕಂಡೇ ಇರಬೇಕು. ಅದಕ್ಕೆ ಮುಂಚೆ, 1948–49ರ ರಾಧಾಕೃಷ್ಣನ್ ಆಯೋಗವು ವಿಶ್ವವಿದ್ಯಾನಿಲಯಗಳನ್ನು ಕುರಿತು ಮಾತನಾಡುತ್ತ, ತಾನು ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷೆಗಳ ಸುಧಾರಣೆಯೇ ಎಂಬ ಅಭಿಪ್ರಾಯವನ್ನು ಇತ್ತಿತ್ತು.

ಕಲಿಕೆಯ ವಿಷಯದಲ್ಲಿ ಈ ಎರಡು ತಾಲ್ಲೂಕುಗಳ ನೆಲ ಸಾಮಾನ್ಯವಾದದ್ದಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭ ಶಾಸನವು, ಕದಂಬ ವಂಶದ ಮಯೂರಶರ್ಮನು ತನ್ನ ಗುರುವಾದ ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ವಿದ್ಯಾರ್ಥಿಯಾಗಿ ಹೋದುದನ್ನು ಹೇಳುತ್ತದೆ. ಅದೇ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು, ಅಲ್ಲಿ ವೇದಗಳೂ ಅನೇಕ ವ್ಯಾಕರಣಗಳೂ ದರ್ಶನಗಳೂ ಬೋಧಿಸಲ್ಪಡುತ್ತಿದ್ದುವೆಂದಷ್ಟೇ ಅಲ್ಲದೆ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವೆಂದು ಹೇಳುತ್ತದೆ. ಆ ಕಾಲದ ವಿದ್ಯೆ ಎಲ್ಲರ ಪಾಲಿನದಾಗಿರಲಿಲ್ಲ. ಅದನ್ನು ಆದರ್ಶವೆಂದು ಹಾಡಿಹೊಗಳುವ ಉತ್ಸಾಹ ನನಗಿಲ್ಲ. ಆದರೂ ಅಲ್ಲಿ ಬೋಧಿಸುವವನೂ ಅಳೆಯುವವನೂ ಒಬ್ಬನೇ ಆಗಿದ್ದನೆಂಬುದನ್ನು ಗಮನಿಸಬಹುದು. ನೂರಾರು ಮೈಲಿಗಳಾಚೆ ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸುವವರು ಸೊರಬದ ಒಂದು ಹಳ್ಳಿಯ ತರಗತಿಯಲ್ಲಿ ಈ ವರ್ಷ ವಿಜ್ಞಾನದ ಅಧ್ಯಾಪಕರ ಹುದ್ದೆ ಖಾಲಿ ಇತ್ತೇ ಎಂಬುದನ್ನು ತಿಳಿದಿರಲಾರರು.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುವುದಾದರೆ: ಒಂದೇ ಪ್ರಶ್ನೆಪತ್ರಿಕೆ ಕೆಟ್ಟದ್ದಲ್ಲ, ಕೆಟ್ಟದ್ದು ಅದನ್ನು ಇಟ್ಟ ಕಾಲ. ಮಾರ್ಚ್ ತಿಂಗಳ ಕೊನೆಯಲ್ಲಿ ಅಳೆದರೆ, ಅಳತೆಯ ಫಲವು ಶಾಲೆಗೆ ತಲುಪುವಷ್ಟರಲ್ಲಿ ಆ ಮಗುವು ಆ ತರಗತಿಯನ್ನೇ ದಾಟಿರುತ್ತದೆ. ಅಳೆದದ್ದು ಮಗುವನ್ನಾಗುತ್ತದೆಯೇ ಹೊರತು ಬೋಧನೆಯನ್ನಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ವರ್ಷಾರಂಭಕ್ಕೆ ‘ಸೇತುಬಂಧ’ವೆಂಬ ಒಂದು ಪದ್ಧತಿ ಮೊದಲಿಂದಲೂ ಇದೆ. ಮಕ್ಕಳು ಬಂದೊಡನೆ ಹಿಂದಿನ ತರಗತಿಯ ಮೂಲಾಂಶಗಳ ಮೇಲೆ ಒಂದು ನೈದಾನಿಕ ಪರೀಕ್ಷೆ; ಬಿಟ್ಟುಹೋದದ್ದನ್ನು ತುಂಬಲು ಕೆಲವು ದಿನಗಳ ಪಾಠ; ಕೊನೆಗೆ ಸಾಫಲ್ಯ ಪರೀಕ್ಷೆ; ಅನಂತರವೇ ಹೊಸ ಪಠ್ಯ. ಇದಕ್ಕೆ ಹೆದರಿ ಅತ್ತ ಮಗುವಿನ ಮಾತನ್ನು ಯಾರೂ ಕೇಳಿಲ್ಲ. ಇದನ್ನು ತಡೆಯಬೇಕೆಂದು ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತಿಲ್ಲ. ಆದರೆ ಅನೇಕ ಕಡೆ ಇದು ವರದಿ ತುಂಬುವ ಕಾರ್ಯವಾಗಿ ಮುಗಿದುಹೋಗುತ್ತದೆ. ಮಂಡಳಿಯು ತನ್ನ ಪಾಂಡಿತ್ಯವನ್ನೂ ಮುದ್ರಣದ ಸೌಕರ್ಯವನ್ನೂ ಈ ನೈದಾನಿಕ ಪತ್ರಿಕೆಗೆ ವ್ಯಯಿಸಿ, ಯಾವ ಊರಿನ ಮಕ್ಕಳಿಗೆ ಭಿನ್ನರಾಶಿ ಬಾರದು, ಯಾವ ಊರಿನವರಿಗೆ ಇಂಗ್ಲಿಷಿನ ಒಂದು ಪ್ಯಾರಾ ಓದಲು ಬಾರದು ಎಂಬುದನ್ನು ಜೂನ್ ತಿಂಗಳಿನಲ್ಲಿಯೇ ಬಿಇಒ ಕಛೇರಿಗೂ ಶಿವಮೊಗ್ಗದ ಡಯಟ್ ಎಂಬ ಶಿಕ್ಷಕರ ತರಬೇತಿ ಸಂಸ್ಥೆಗೂ ತಿಳಿಸುವಂತಾದರೆ, ಮುಂದಿನ ಹತ್ತು ತಿಂಗಳು ಕೈಯಲ್ಲಿರುತ್ತವೆ. ಅದಾದ ಮೇಲೆ ರೂಪಣಾತ್ಮಕ ಮೌಲ್ಯಮಾಪನಗಳು ನಾಲ್ಕು, ಸಂಕಲನಾತ್ಮಕಗಳು ಎರಡು ಇದ್ದೇ ಇವೆ. ಮೇಷ್ಟರು ಅವುಗಳನ್ನು ಎಫ್.ಎ., ಎಸ್.ಎ. ಎಂದು ಕರೆದು, ಅಂಕಪಟ್ಟಿಯನ್ನು ತುಂಬುವುದರಲ್ಲಿಯೇ ಎಷ್ಟೋ ಸಂಜೆಗಳನ್ನು ಕಳೆಯುತ್ತಾರೆ. ಇನ್ನೂ ಒಂದು ಪರೀಕ್ಷೆಯ ಭಾರವನ್ನು ಅವರ ಮೇಲೆ ಹೇರುವುದಕ್ಕಿಂತ ಇರುವುದನ್ನು ನಿಜಗೊಳಿಸುವುದು ಕಷ್ಟ, ಆದರೆ ಅಗ್ಗ.

ಎಂಟನೆಯ ತರಗತಿಗೆ ಸಾಮಾನ್ಯ ಪರೀಕ್ಷೆಯೇ ಇಲ್ಲವೆಂದು ತಿಳಿಯಬಾರದು. ಎನ್‌ಎಂಎಂಎಸ್ ಎಂದು ಶಾಲೆಗಳಲ್ಲಿ ಕರೆಯುವ ವಿದ್ಯಾರ್ಥಿವೇತನದ ಪರೀಕ್ಷೆಯನ್ನು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯವರು ಬರೆಯಬಹುದು. ಬೌದ್ಧಿಕ ಸಾಮರ್ಥ್ಯದ ಮೇಲೆ 90, ಪಠ್ಯವಿಷಯಗಳ ಮೇಲೆ 90 ಪ್ರಶ್ನೆಗಳು. ತಂದೆತಾಯಂದಿರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿಗಳನ್ನು ಮೀರಿರಬಾರದು. ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿಯವರೆಗೆ ನಾಲ್ಕು ವರ್ಷ, ವರ್ಷಕ್ಕೆ 12,000 ರೂಪಾಯಿ. ಹೊಲದಲ್ಲಿ ಜೋಳವನ್ನೋ ಭತ್ತವನ್ನೋ ಬೆಳೆಯುವ ಸಣ್ಣ ಹಿಡುವಳಿಯ ಮನೆಗೆ ಇದು ಸಣ್ಣ ಮೊತ್ತವಲ್ಲ. ಅನುತ್ತೀರ್ಣರಾದವರಿಗೆ ಇಲ್ಲಿ ಕಳೆದುಕೊಳ್ಳುವುದೇನೂ ಇಲ್ಲ, ಉತ್ತೀರ್ಣರಾದವರಿಗೆ ಗಳಿಸುವುದುಂಟು. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕುಳಿತು ಮಕ್ಕಳನ್ನು ಇದಕ್ಕೆ ಅಣಿಗೊಳಿಸುವ ಅಧ್ಯಾಪಕರಿರುವ ಹಳ್ಳಿಯ ತಂದೆತಾಯಂದಿರು ಅವರ ಹೆಸರನ್ನು ಸುಲಭವಾಗಿ ಮರೆಯುವುದಿಲ್ಲ.

ಮಿಕ್ಕ ಬದಲಾವಣೆಗಳನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವಾರ್ಷಿಕ ಮತ್ತು ಪೂರಕ ಎಂಬ ಭೇದ ಹೋಗಿ, ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳನ್ನು ನಡೆಸಿ, ಅವುಗಳಲ್ಲಿ ಹೆಚ್ಚಿನ ಅಂಕಗಳನ್ನು ಉಳಿಸಿಕೊಳ್ಳುವ ಕ್ರಮ ಬಂದಿತು. 2024ರ ಅಕ್ಟೋಬರಿನಲ್ಲಿ, ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಅರ್ಧವಾರ್ಷಿಕ ಪರೀಕ್ಷೆಯನ್ನು ಮಂಡಳಿಯ ಮಾದರಿಯಲ್ಲಿ ನಡೆಸಿದ್ದನ್ನು ಪ್ರಶ್ನಿಸಿದಾಗ, ಅದರ ಫಲಿತಾಂಶವನ್ನೂ ಪ್ರಕಟಿಸಕೂಡದೆಂದು ಸುಪ್ರೀಂ ಕೋರ್ಟು ನಿರ್ಬಂಧಿಸಿತು. 2025ರ ಅಕ್ಟೋಬರಿನಲ್ಲಿ ಮಧು ಬಂಗಾರಪ್ಪನವರು, 625ಕ್ಕೆ ಒಟ್ಟು 206 ಅಂಕಗಳು, ಅಂದರೆ ಶೇಕಡಾ 33, ಮತ್ತು ಪ್ರತಿಯೊಂದು ವಿಷಯದಲ್ಲಿ ಕನಿಷ್ಠ ಶೇಕಡಾ 30 ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಉತ್ತೀರ್ಣತೆ ಎಂದು ಪ್ರಕಟಿಸಿದರು. ಹಿಂದೆ 35 ಬೇಕಾಗಿತ್ತು. ಕೇಂದ್ರೀಯ ಮಂಡಳಿಯಲ್ಲಿ ಮೊದಲಿಂದಲೂ 33. ಅಂಕದ ಮಿತಿಯನ್ನು ಕೆಳಗಿಳಿಸುವುದರಿಂದ ಭಿನ್ನರಾಶಿ ಬಾರದ ಮಗುವಿಗೆ ಅದು ಬರುವಂತಾಗುವುದಿಲ್ಲ. ಆದರೆ ಒಂದೇ ವಿಷಯದಲ್ಲಿ ಎರಡು ಅಂಕ ಕಡಿಮೆಯಾಗಿ ವರ್ಷ ಕಳೆದುಕೊಳ್ಳುವ ಹುಡುಗಿಯು ಮುಂದಿನ ಓದಿಗೆ ಸೇರಿಕೊಳ್ಳುವಳು ಎಂಬುದೂ ನಿಜ, ಮತ್ತು ಆ ಕಾರಣಕ್ಕಾಗಿ ಈ ಇಳಿಕೆಯನ್ನು ನಾನು ವಿರೋಧಿಸಲಾರೆ.

ಇವೆಲ್ಲದರ ನಡುವೆ 2025ರ ಆಗಸ್ಟ್ 8ರಂದು ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು ತನ್ನ ವರದಿಯನ್ನು ಸರ್ಕಾರಕ್ಕೆ ಒಪ್ಪಿಸಿತು. ಶಾಲಾ ಶಿಕ್ಷಣವನ್ನು ಪೂರ್ವ ಪ್ರಾಥಮಿಕ ಎರಡು, ಪ್ರಾಥಮಿಕ ಎಂಟು, ಪ್ರೌಢ ನಾಲ್ಕು ವರ್ಷಗಳೆಂದು ವಿಂಗಡಿಸಬೇಕೆಂಬುದು ಅದರ ಸಲಹೆಗಳಲ್ಲಿ ಒಂದು. ಇದು ಜಾರಿಗೆ ಬಂದರೆ ಎಂಟನೆಯ ತರಗತಿಯು ಕಾಯಿದೆಯಲ್ಲಿಯೂ ಕಟ್ಟಡದಲ್ಲಿಯೂ ಪ್ರಾಥಮಿಕ ಶಾಲೆಗೇ ಸೇರುತ್ತದೆ. ಒಂಬತ್ತರಿಂದ ಪಿಯುಸಿಯವರೆಗಿನದು ಒಂದೇ ಪ್ರೌಢಶಾಲೆಯಾಗುತ್ತದೆ. ಆಗ ಎಂಟರ ಪರೀಕ್ಷೆಗೆ ಸಂಬಂಧಿಸಿದ ವ್ಯಾಜ್ಯದ ಅರ್ಧ ಭಾಗ ತಾನಾಗಿಯೇ ಇಲ್ಲವಾಗುತ್ತದೆ. ಉಳಿದರ್ಧ ಒಂಬತ್ತನೆಯ ತರಗತಿಯದು. ಟಿ.ಸಿ. ಕೈಗಿತ್ತು ಕಳಿಸಲ್ಪಡುವ ಮಗುವಿಗೆ ಅಲ್ಲಿ ಇಂದಿಗೂ ಯಾವ ಕಾಯಿದೆಯ ಆಸರೆಯೂ ಇಲ್ಲ. ಮಂಡಳಿಯ ಪ್ರಶ್ನೆಪತ್ರಿಕೆ ಬಂದರೂ ಬಾರದಿದ್ದರೂ ಆ ಆಸರೆಯನ್ನು ವಿಧಾನಮಂಡಲವೇ ಕೊಡಬೇಕಾಗುತ್ತದೆ.